ನೆರೆಮನೆಯ ಡಬ್ಬಿಗಳು

ಎರವಲು ತಂದ ಪುಸ್ತಕದಲ್ಲಿ ಹಿಂದಿನ ಓದುಗನು ಎಳೆದ ಅಡಿಗೆರೆಗಳು ಉಳಿದಿರುವಂತೆ, ಪರರು ಬಳಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅವರ ಮನೆಯ ಊಟದ ಗುರುತು ಉಳಿದಿರುತ್ತದೆ. ಅಡಿಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ಡಬ್ಬಿಯ ವಿಚಾರ ಅಷ್ಟು ಸುಲಭವಲ್ಲವೆಂಬುದನ್ನು ಕಳೆದ ಮಳೆಗಾಲದಲ್ಲಿ ಕಲಿತೆನು.

ಘಟ್ಟದ ಮೇಲಿನವನಾದ ನಾನು ಉದ್ಯೋಗನಿಮಿತ್ತವಾಗಿ ಉಡುಪಿಯ ಸಮೀಪದಲ್ಲಿ ಬಿಡಾರ ಹೂಡಿ ಮೂರು ವರ್ಷಗಳಾದವು. ನೆರೆಮನೆಯ ಹಿರಿಯಾಕೆ ಮುಂಬಯಿಯಲ್ಲಿರುವ ಮಗನ ಬಳಿಗೆ ಹೊರಟು ನಿಂತಾಗ, ತಮ್ಮ ಅಡುಗೆಮನೆಯ ಆರು ಡಬ್ಬಿಗಳನ್ನು ನನ್ನ ಮಡದಿಯ ಕೈಗಿತ್ತು, "ಎಸೆಯಲಿಕ್ಕೆ ಮನಸ್ಸು ಬರುವುದಿಲ್ಲ, ನೀವೇ ಇಟ್ಟುಕೊಳ್ಳಿ" ಎಂದರು. ದಪ್ಪನೆಯ ಒಳ್ಳೆಯ ಡಬ್ಬಿಗಳು, ಬಿಗಿಯಾದ ಮುಚ್ಚಳಗಳು. ಮಡದಿ ಸೋಪಿನಿಂದ ತೊಳೆದು ಬೋರಲು ಹಾಕಿದಳು. ಮರುದಿನ ಅವುಗಳಲ್ಲೊಂದರಲ್ಲಿ ಮಗಳ ಚಿತ್ರಾನ್ನ ಶಾಲೆಗೆ ಹೋಯಿತು. ಸಂಜೆ ಹೋದಂತೆಯೇ ಮರಳಿತು.

"ಅಪ್ಪಾ, ಚಿತ್ರಾನ್ನಕ್ಕೆ ಒಣಮೀನಿನ ವಾಸನೆ. ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ ಅಂತ ನಾನು ಹೇಳಿದ್ದೆ. ಸುಳ್ಳಿ ಅಂದರು ಎಲ್ಲರೂ" ಎಂದು ಎಂಟು ವರ್ಷದ ಹುಡುಗಿ ಬಿಕ್ಕಿದಳು. ಹಸಿವಿಗಿಂತ ಆ ಮಾತೇ ಅವಳನ್ನು ಹೆಚ್ಚು ನೋಯಿಸಿತ್ತು.

ನನ್ನ ತಾಯಿಯವರು ಆರು ಡಬ್ಬಿಗಳನ್ನೂ ಆ ಕ್ಷಣವೇ ಹೊರಗೆ ಹಾಕಬೇಕೆಂದು ತೀರ್ಪಿತ್ತರು. ಮಡದಿ ಒಪ್ಪಲಿಲ್ಲ. "ದೀಪಾವಳಿಗೆ ಅಕ್ಕ ಬರುತ್ತಾರೆ. ಡಬ್ಬಿ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಜ್ವರ ಬಂದಾಗ ನಮಗೆ ಗಂಜಿ ಕಾಯಿಸಿ ತಂದವರು ಅವರಲ್ಲವೇ?" ಎಂದಳು. ಅತ್ತೆಸೊಸೆಯರ ನಡುವೆ ಎರಡು ದಿನ ಮೌನ ನೆಲೆಸಿತು. ನಾನು ಕಾಲೇಜಿನ ರಸಾಯನಶಾಸ್ತ್ರದ ಮಿತ್ರರ ಮೊರೆಹೊಕ್ಕೆನು.

ಅವರು ಮೊದಲು ಡಬ್ಬಿಯ ತಳವನ್ನು ನೋಡಿದರು. ತ್ರಿಕೋನದೊಳಗೆ ೫ ಎಂಬ ಅಂಕಿಯಿತ್ತು. ಅದು ಪಾಲಿಪ್ರೊಪಿಲೀನ್, ಬಿಸಿನೀರನ್ನು ತಾಳುತ್ತದೆ. ೧೯೫೪ರಲ್ಲಿ ಮಿಲಾನಿನ ನಟ್ಟಾ ಎಂಬ ವಿಜ್ಞಾನಿ ಇದಕ್ಕೆ ಗಟ್ಟಿರೂಪ ಕೊಟ್ಟು, ೧೯೬೩ರಲ್ಲಿ ಜರ್ಮನಿಯ ಜೀಗ್ಲರನೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡನಂತೆ. ೧ ಎಂದಿದ್ದರೆ ಬಿಸಿನೀರಿಗೆ ಡಬ್ಬಿ ಸೊಟ್ಟಗಾಗುವುದುಂಟು. ಪ್ಲಾಸ್ಟಿಕ್ಕು ಎಣ್ಣೆಯ ನೆಂಟ, ನೀರಿನ ವೈರಿ. ಎಣ್ಣೆಯಲ್ಲಿ ಕರಗುವ ವಾಸನೆಯ ಕಣಗಳು ಅದರ ಮೈಯೊಳಕ್ಕೇ ಇಳಿದು ಕುಳಿತು, ಬಿಸಿ ತಾಗಿದಾಗ ಮೆಲ್ಲನೆ ಹೊರಬರುತ್ತವೆ. ತೊಳೆದು ಬೋರಲಿಟ್ಟಾಗ ಸುಮ್ಮನಿದ್ದ ಡಬ್ಬಿ ಬಿಸಿಯನ್ನ ಬಿದ್ದೊಡನೆ ಬಾಯಿಬಿಟ್ಟದ್ದು ಅದಕ್ಕೇ. ಗಾಜಿಗೂ ಸ್ಟೀಲಿಗೂ ಈ ಸ್ವಭಾವವಿಲ್ಲ.

ಇನ್ನು ಔಷಧ. ಮೀನಿನ ವಾಸನೆಗೆ ಮುಖ್ಯ ಕಾರಣ ಅಮೈನುಗಳೆಂಬ ಕ್ಷಾರಗುಣದ ವಸ್ತುಗಳು. ಹುಳಿ ಸೋಕಿದರೆ ಅವು ಲವಣವಾಗಿ ಗಾಳಿಗೆ ಏರದೆ ನೀರಿನೊಡನೆ ಹೋಗುತ್ತವೆ. ಕರಾವಳಿಯ ತಾಯಂದಿರು ಮೀನಿನ ಸಾರಿಗೆ ಹುಣಸೆಯನ್ನೋ ಬಿಂಬುಳಿಯನ್ನೋ ಹಾಕುವಾಗ ಈ ಶಾಸ್ತ್ರವನ್ನು ಯಾವ ಪ್ರಯೋಗಾಲಯದಲ್ಲೂ ಓದಿರಲಿಲ್ಲ! ಕಮಟು ಎಣ್ಣೆಯ ವಾಸನೆ ಇದಕ್ಕೆ ವಿರುದ್ಧ. ಅದರಲ್ಲಿ ಆಮ್ಲಗಳಿರುವುದರಿಂದ ಅಡುಗೆ ಸೋಡ ಬೇಕು. ಒಣಮೀನಿನಲ್ಲಿ ಎರಡೂ ಉಂಟು. ಹಾಗೆಂದು ವಿನೆಗರನ್ನೂ ಸೋಡವನ್ನೂ ಒಟ್ಟಿಗೆ ಸುರಿಯುವುದು ವ್ಯರ್ಥ. ನೊರೆಯೆದ್ದು ಒಂದರ ಬಲವನ್ನು ಇನ್ನೊಂದು ಕೆಡಿಸಿಬಿಡುತ್ತದೆ. ನನ್ನ ಉತ್ಸಾಹದಲ್ಲಿ ಮೊದಲ ದಿನ ನಾನು ಮಾಡಿದ್ದು ಅದನ್ನೇ. ಬಟ್ಟೆಯ ಬ್ಲೀಚನ್ನು ವಿನೆಗರಿಗೆ ಬೆರೆಸುವುದಂತೂ ಅಪಾಯ; ವಿಷವಾಯು ಹುಟ್ಟುತ್ತದೆ.

ಒಂದು ಪಾಲು ವಿನೆಗರಿಗೆ ಎರಡು ಪಾಲು ಬಿಸಿನೀರು ಬೆರೆಸಿ ಒಂದು ರಾತ್ರಿ ನೆನೆಯಿಟ್ಟೆವು. ಚೆನ್ನಾಗಿ ತೊಳೆದು, ಮರುರಾತ್ರಿ ಲೀಟರ್ ನೀರಿಗೆ ನಾಲ್ಕು ಚಮಚದಂತೆ ಸೋಡ. ಆದರೂ ಮೂಗಿಗೆ ಸಣ್ಣದೊಂದು ಸಂಶಯ ಉಳಿಯಿತು. ಮಡದಿ ತಲೆಪಿನ್ನಿನಿಂದ ಮುಚ್ಚಳದೊಳಗಿನ ಮೆತ್ತನೆಯ ಬಳೆಯನ್ನು ಎಬ್ಬಿಸಿದಾಗ ಕಳ್ಳ ಸಿಕ್ಕಿದ. ಅದರ ಹಿಂದಿನ ಸಂದಿಯಲ್ಲಿ ವರ್ಷಗಳ ಜಿಡ್ಡು ಕಪ್ಪಗೆ ಕಟ್ಟಿತ್ತು. ಎರಡು ಮುಚ್ಚಳಗಳಲ್ಲಿ ಬಳೆಯೇ ಸೀಳಿಹೋಗಿತ್ತು. ಅವುಗಳ ಆಸೆ ಬಿಟ್ಟೆವು. ಉಳಿದ ನಾಲ್ಕಕ್ಕೆ ಬಿಸಿಲು ಬೇಕಾಗಿತ್ತು, ಆದರೆ ಉಡುಪಿಯ ಆಷಾಢದಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ವೃತ್ತಪತ್ರಿಕೆಯನ್ನು ಮುದ್ದೆಮಾಡಿ ಒಳಗೆ ತುರುಕಿ, ದಿನಕ್ಕೊಮ್ಮೆ ಬದಲಿಸಿದೆವು. ಭಾದ್ರಪದದಲ್ಲಿ ಸೂರ್ಯ ಕಾಣಿಸಿದಾಗ ಮೂರು ದಿನ ಅಂಗಳದಲ್ಲಿ ಬಾಯಿತೆರೆದು ಮಲಗಿದವು. ಅರಸಿನದ ಹಳದಿ ಕಲೆಯೂ ಆ ಬಿಸಿಲಿಗೆ ಮಾಸಿತು.

ಮಾರ್ಕೆಟ್ಟಿನಲ್ಲಿ ಹಳೆಯ ಡಬ್ಬಿ ಕೊಳ್ಳುವವರಿಗೆ ಒಂದು ಮಾತು: ಸೀಮೆಎಣ್ಣೆ, ಬಣ್ಣ, ಫಿನಾಯಿಲ್, ಕೀಟನಾಶಕ ಇವುಗಳ ವಾಸನೆ ಬಂದರೆ ಯಾವ ಚಿಕಿತ್ಸೆಯೂ ಬೇಡ, ಅಲ್ಲಿಯೇ ಬಿಟ್ಟುಬನ್ನಿ. ಏನನ್ನು ತುಂಬಿದ್ದರೆಂದು ಮಾರುವವನಿಗೂ ತಿಳಿಯದಿದ್ದರೆ ಹಾಗೆಯೇ.

ದೀಪಾವಳಿಗೆ ಹಿರಿಯಾಕೆ ಬಂದರು. ಕಪಾಟಿನಲ್ಲಿ ತಮ್ಮ ಡಬ್ಬಿಯನ್ನು ಗುರುತಿಸಿ, ಸಂತೋಷದಿಂದ ಮುಚ್ಚಳ ತೆಗೆದು, ಮೂಗನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಇದೆಂಥ ವಾಸನೆ ಮಾರಾಯ್ರೆ, ಮಾಷ್ಟ್ರೇ?"

ಒಳಗಿದ್ದುದು ನನ್ನ ತಾಯಿಯವರ ಇಂಗಿನ ಸಾರಿನಪುಡಿ. ಇಂಗಿನ ಗಂಧಕದ ವಾಸನೆಗೆ ಹುಳಿಯೂ ಆಗದು, ಸೋಡವೂ ಆಗದು. ಗಾಳಿ, ಬಿಸಿಲು, ಕಾಲ ಇಷ್ಟೇ ಎಂದು ಮಿತ್ರರು ಆಗಲೇ ಎಚ್ಚರಿಸಿದ್ದರು. ಡಬ್ಬಿಯನ್ನು ಮರಳಿ ಕೊಡೋಣವೆಂದು ಮಡದಿ ಸೌಜನ್ಯಕ್ಕೆ ಕೇಳಿದಳು.

"ಬೇಡಪ್ಪಾ, ನನ್ನ ಮೀನು ಹಾಳಾದೀತು" ಎಂದರು ಅವರು. ಮೊದಲು ನಕ್ಕವರು ನನ್ನ ತಾಯಿಯವರೇ.