ಜ್ವಾಲಾಮುಖಿ ಎಲ್ಲವೂ ಒಂದೇ ಅಲ್ಲ

ತಿಳಿಸಾರು ಕುದಿಯುವಾಗ ಗುಳ್ಳೆಗಳು ಸಲೀಸಾಗಿ ಮೇಲೆ ಬಂದು ಒಡೆಯುತ್ತವೆ. ಅದೇ ರಾಗಿ ಅಂಬಲಿ ಗಟ್ಟಿಯಾಗ್ತಾ ಬಂದಾಗ ನೋಡಿ, ಒಳಗೆ ಸಿಕ್ಕಿಕೊಂಡ ಆವಿ ಪಟ್ ಅಂತ ಸಿಡಿದು ಕೈ ಸುಡುತ್ತೆ. ಜ್ವಾಲಾಮುಖಿಗಳಲ್ಲಿ ಬೇರೆ ಬೇರೆ ವಿಧ ಇರೋದಕ್ಕೆ ಮುಖ್ಯ ಕಾರಣವೂ ಇದೇ. ಒಳಗಿನ ಶಿಲಾರಸ ಎಷ್ಟು ಗಟ್ಟಿ, ಅದರಲ್ಲಿ ಎಷ್ಟು ಅನಿಲ ಸಿಕ್ಕಿಕೊಂಡಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಸಿಲಿಕಾ ಜಾಸ್ತಿಯಾದಷ್ಟೂ ಶಿಲಾರಸ ಅಂಟಂಟು.

ಹವಾಯಿಯ ಮೌನಾ ಲೋವಾ ತಿಳಿಸಾರಿನ ಜಾತಿ. ಲಾವಾ ದೂರದವರೆಗೆ ಹರಿದು ಪದರ ಪದರವಾಗಿ ಕೂತು, ನೆಲದ ಮೇಲೆ ಮಲಗಿಸಿದ ಗುರಾಣಿಯಂತಾಗಿದೆ. ಅದಕ್ಕೇ ಇದು ಗುರಾಣಿ ಜ್ವಾಲಾಮುಖಿ. ಎತ್ತರ 4,169 ಮೀಟರ್ ಇದ್ದರೂ ಇಳಿಜಾರು ಮೆಲ್ಲಗೆ. 2022ರಲ್ಲಿ ಉಕ್ಕಿದಾಗ ಜನ ಕಾರಿನಲ್ಲಿ ಹೋಗಿ ನೋಡಿ ಬಂದರು.

ತೆಳು ಲಾವಾ ಬೆಟ್ಟವನ್ನೇ ಕಟ್ಟದೆ, ನೆಲದ ಬಿರುಕುಗಳಿಂದ ಉಕ್ಕಿ ಹರಡುವುದೂ ಉಂಟು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಆಗಿದ್ದು ಅದೇ. ವಿಜಯಪುರ ಕಡೆಯ ಕಪ್ಪುಕಲ್ಲು, ಎರೆಮಣ್ಣು ಅದರದ್ದೇ ಕೊಡುಗೆ.

ಮೂರನೆಯದು ಸಿಂಡರ್ ಕೋನ್. ಸಿಡಿದ ಕಲ್ಲುಚೂರುಗಳು ಬಾಯಿಯ ಸುತ್ತ ರಾಶಿ ಬಿದ್ದು ಆದ ಗುಡ್ಡ. ಮೆಕ್ಸಿಕೋದ ಪರಿಕುಟಿನ್ 1943ರಲ್ಲಿ ರೈತನೊಬ್ಬನ ಮೆಕ್ಕೆಜೋಳದ ಹೊಲದಲ್ಲೇ ಹುಟ್ಟಿ, 1952ರ ಹೊತ್ತಿಗೆ 400 ಮೀಟರ್ ದಾಟಿತ್ತು. ಎರಡು ಊರುಗಳು ಲಾವಾದಡಿ ಮುಚ್ಚಿಹೋದವು. ಆದರೆ ಜನಕ್ಕೆ ಊರು ಬಿಡಲು ಸಮಯ ಸಿಕ್ಕಿತ್ತು.

ಭಯಪಡಬೇಕಾದದ್ದು ಅಂಬಲಿ ಜಾತಿಗೆ. ಲಾವಾ, ಬೂದಿ ಪದರಗಳಿಂದ ಕಡಿದಾಗಿ ಎದ್ದ ಇವಕ್ಕೆ ಸಂಯುಕ್ತ ಜ್ವಾಲಾಮುಖಿ ಅಂತಾರೆ. ಫೋಟೋದಲ್ಲಿ ಅತಿ ಚೆಂದ ಕಾಣೋದೂ ಇವೇ.

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಹಿಮ ಹೊದ್ದ ಇಂಥದ್ದೇ ಬೆಟ್ಟ. 1985ರ ನವೆಂಬರ್ 13ರ ರಾತ್ರಿ ಸಿಡಿಯಿತು. ಸ್ಫೋಟ ಅಂಥ ದೊಡ್ಡದೇನಲ್ಲ. ಆದರೆ ಹಿಮ ಕರಗಿ, ಬೂದಿ, ಕಲ್ಲು ಸೇರಿ, ಕೆಸರಿನ ಪ್ರವಾಹ ಕಣಿವೆಗಿಳಿಯಿತು. ಸುಮಾರು ಎರಡೂವರೆ ಗಂಟೆಯ ನಂತರ ಅರ್ಮೆರೋ ಪಟ್ಟಣವನ್ನು ಮುಚ್ಚಿತು. 20,000ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಬೆಂಕಿಯಲ್ಲ, ಕೆಸರು.

ಅರ್ಮೆರೋ ಅಪಾಯದಲ್ಲಿದೆ ಅಂತ ತೋರಿಸುವ ನಕ್ಷೆ ಒಂದು ತಿಂಗಳ ಮುಂಚೆಯೇ ಸಿದ್ಧವಾಗಿತ್ತು. ಆ ಎರಡೂವರೆ ಗಂಟೆಯಲ್ಲಿ ಊರಿನವರನ್ನು ಎತ್ತರದ ಜಾಗಕ್ಕೆ ಕಳಿಸಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ನಮ್ಮಲ್ಲಿ ಎಷ್ಟೋ ಜನ ಬಾಲಿಗೆ ಟ್ರಿಪ್ ಹೋಗ್ತೀವಲ್ಲ, ಅಲ್ಲಿನ ಆಗುಂಗ್ ಕೂಡ ಅಂಬಲಿ ಜಾತಿಯೇ. 1963ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಮುಂದಿನ ಸಲ ಇಂಥ ಬೆಟ್ಟದ ಹತ್ತಿರ ಹೋದಾಗ ಸೆಲ್ಫಿಗೆ ಮುಂಚೆ ಎರಡು ವಿಷಯ ವಿಚಾರಿಸಿ: ಇದು ಯಾವ ಜಾತಿ, ಇವತ್ತಿನ ಎಚ್ಚರಿಕೆ ಏನು? 'ಹತ್ತಬೇಡಿ' ಅಂದರೆ ಹತ್ತಬೇಡಿ. ಬೆಟ್ಟ ಸುಮ್ಮನಿದೆ ಅಂದ ಮಾತ್ರಕ್ಕೆ ಒಳಗೂ ಸುಮ್ಮನಿದೆ ಅಂತಲ್ಲ.