ಕೌದಿಯ ಮೋಹ, ಕೊಳ್ಳುಬಾಕರ ಉಪದೇಶ

ವಸ್ತುಮೋಹವೇ ಪರಿಸರನಾಶದ ಮೂಲವೆಂಬ ಮಾತು ನಮ್ಮ ಸಭೆ, ಶಿಬಿರಗಳಲ್ಲಿ ಮಂತ್ರದಂತೆ ಪುನರುಚ್ಚಾರವಾಗುತ್ತಿದೆ. ಕೇಳಲು ಹಿತವಾದ ಈ ಮಾತನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ತಾಂಡಾಗಳಲ್ಲಿ ನಿಂತು ಹೇಳುವ ಧೈರ್ಯ ಯಾರಿಗಿದೆ? ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಮಂಡ್ಯದತ್ತಲೋ, ಕಾಫಿ ತೋಟಗಳಿಗೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಕುಟುಂಬವು ತನ್ನ ಸಂಸಾರವನ್ನೆಲ್ಲ ನಾಲ್ಕಾರು ಗಂಟುಗಳಲ್ಲಿ ಕಟ್ಟಿಕೊಳ್ಳುತ್ತದೆ: ಕೌದಿ, ರೊಟ್ಟಿಯ ಹಂಚು, ಒಂದೆರಡು ಪಾತ್ರೆ, ಜೋಳದ ಹಿಟ್ಟು. ಇವರಿಗೆ ಅಪರಿಗ್ರಹ ಬೋಧಿಸುವುದು ಉಪವಾಸವಿದ್ದವನಿಗೆ ಪಥ್ಯ ಹೇಳಿದಂತೆ.

ಈ ಗಂಟಿನ ಅರ್ಥವನ್ನು ಬಲ್ಲ ಕಲಾವಿದರು ಆಗ್ನೇಯ ಏಷ್ಯಾದಲ್ಲಿದ್ದಾರೆ. ಫಿಲಿಪ್ಪೀನ್ಸಿನ ಆಲ್ಫ್ರೆಡೊ ಮತ್ತು ಇಸಬೆಲ್ ಅಕ್ವಿಲಿಝಾನ್ ದಂಪತಿ 2006ರಲ್ಲಿ ಮಕ್ಕಳೊಡನೆ ಆಸ್ಟ್ರೇಲಿಯಾಕ್ಕೆ ವಲಸೆ ಹೋದವರು. ಪರದೇಶದಲ್ಲಿ ದುಡಿಯುವ ಫಿಲಿಪ್ಪೀನಿಗರು ಸಾಬೂನು, ಬಟ್ಟೆ, ಆಟಿಕೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಊರಿಗೆ ಕಳಿಸುವ ರೂಢಿಯಿದೆ. ಅದಕ್ಕೆ ‘ಬಲಿಕ್‌ಬಯಾನ್’ ಪೆಟ್ಟಿಗೆ, ಅಂದರೆ ನಾಡಿಗೆ ಮರಳುವವರ ಪೆಟ್ಟಿಗೆ ಎಂದು ಹೆಸರು. ‘ವಿಳಾಸ’ ಎಂಬರ್ಥದ ಹೆಸರಿನ ತಮ್ಮ ಕೃತಿಯಲ್ಲಿ ಈ ದಂಪತಿ ಬಳಸಿದ ಬಟ್ಟೆಬರೆ, ಮನೆಸಾಮಾನುಗಳನ್ನು ಅಂಥ ಪೆಟ್ಟಿಗೆಯ ಆಕಾರಕ್ಕೆ ಒತ್ತಾಗಿ ಜೋಡಿಸಿ, ಇಟ್ಟಿಗೆಗಳಂತೆ ಪೇರಿಸಿ ಗೋಡೆಯೆಬ್ಬಿಸಿದರು. ಅಲ್ಲಿ ಮೋಹದ ಖಂಡನೆಯಿಲ್ಲ. ನೆಲೆ ತಪ್ಪಿದವರಿಗೆ ಸಾಮಾನೇ ಮನೆಯಾಗುವ ಸಂಕಟವಿದೆ.

ಥಾಯ್ಲೆಂಡಿನ ಸುರಸಿ ಕುಸೊಲ್‌ವಾಂಗ್ ಇನ್ನೊಂದು ಮುಖವನ್ನು ತೋರಿಸುತ್ತಾರೆ. ನೂಲಿನ ತ್ಯಾಜ್ಯದ ದೊಡ್ಡ ರಾಶಿಯಲ್ಲಿ ಚಿನ್ನದ ಸರಗಳನ್ನು ಅಡಗಿಸಿ, ಸಿಕ್ಕಿದವರೇ ಇಟ್ಟುಕೊಳ್ಳಿರೆಂದು ಅವರು ಪ್ರೇಕ್ಷಕರನ್ನು ಬಿಡುತ್ತಾರೆ. ಸರಕ್ಕಾಗಿ ತಡಕಾಡುವವರಿಗೆ ಕಾಲಡಿಯ ನೂಲು ಕಾಣುವುದೇ? ನೆರೆಯ ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಬಗೆದವರಿಗೂ ಕಾಡು ಕಂಡಿರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ಅಪಾರ ಅದಿರು ಚೀನಾದ ಪಾಲಾಗಿತ್ತು. ಬಗೆದವರಿಗೆ ಗುಡ್ಡದ ಮೇಲೆ ಮೋಹವಿತ್ತೆಂದು ಯಾರಾದರೂ ಹೇಳುವರೇ? ಎರಡೇ ವರ್ಷಕ್ಕೆ ಫೋನು ಎಸೆಯುವವನಿಗೂ ಆ ಫೋನಿನ ಮೇಲೆ ಮೋಹವಿಲ್ಲ. ಇರುವುದು ಮುಂದಿನದರ ಹಸಿವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉಪದೇಶವು ಅಪ್ರಾಮಾಣಿಕವಾದುದು.

ಮೋಹವೆಂದರೇನೆಂದು ಕೌದಿಯನ್ನು ನೋಡಿ ತಿಳಿಯಬೇಕು. ಅಜ್ಜಿಯ ಸೀರೆ, ಮಗುವಿನ ಅಂಗಿ, ಹರಿದ ಧೋತರಗಳು ಪದರಾಗಿ, ಸಾಲುಸಾಲು ಹೊಲಿಗೆಯಲ್ಲಿ ಒಂದಾಗುತ್ತವೆ. ಹರಿದಲ್ಲಿ ತೇಪೆ, ತೇಪೆಯ ಮೇಲೆ ಮತ್ತೊಂದು ತೇಪೆ. ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ, ನಾಣ್ಯಗಳನ್ನು ಉಡುಪಿಗೇ ಹೊಲಿದುಕೊಂಡರು. ಅಲೆದಾಡುವ ಬದುಕಿನಲ್ಲಿ ಆಸ್ತಿಯಿರುವುದು ಮೈಮೇಲೆಯೇ. ಆ ಕಸೂತಿಯನ್ನು ಇಂದು ನಗರದ ಮಳಿಗೆಗಳಲ್ಲಿ ಕೊಳ್ಳುವವರು ಅದನ್ನು ಎಷ್ಟು ವರ್ಷ ಉಡುವರೋ! ಇತ್ತ ತಾಂಡಾಗಳಿಗೆ ಅಗ್ಗದ ಪಾಲಿಯೆಸ್ಟರ್ ಹೊದಿಕೆ ಬಂದಿದೆ. ಹರಿದರೆ ಅದು ತಿಪ್ಪೆಗೆ, ತಿಪ್ಪೆಯಿಂದ ಹಳ್ಳಕ್ಕೆ. ಪರಿಸರ ಶಿಬಿರಗಳಲ್ಲಿಯೇ ವರ್ಷಕ್ಕೊಂದು ಹೊಸ ಚೀಲ, ಹೊಸ ಟೋಪಿ ಹಂಚುವವರು ಈ ಹೊದಿಕೆಯತ್ತ ಬೆರಳು ತೋರದಿರಲಿ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಬೇಸಿಗೆಯ ರಜೆಯಲ್ಲಿ ನಿಮ್ಮೂರಿನ ಸಂತೆಗೆ ಹೋಗಿ, ಕಲಾಯಿ ಹಾಕುವವರು, ಕೊಡೆ ರಿಪೇರಿಯವರು, ಚಪ್ಪಲಿ ಹೊಲಿಯುವವರು, ಕುಲುಮೆಯವರು ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಿರಿ. ಕೌದಿ ಹೊಲಿಯಬಲ್ಲ ತಾಯಂದಿರನ್ನೂ ವಿಚಾರಿಸಿ, ಊರುವಾರು ಲೆಕ್ಕವನ್ನು ಪತ್ರಿಕೆಗೆ ಕಳಿಸಿರಿ.