ಪದ ಪರಿಚಯ: ವಲ್ನರಬಲ್

ಇಂಗ್ಲಿಷ್ ವೃತ್ತಪತ್ರಿಕೆಗಳಲ್ಲಿ ಅಡಿಗಡಿಗೆ ಎದುರಾಗುವ ಈ ಪದಕ್ಕೆ ‘ದುರ್ಬಲ’ ಎಂದು ಅರ್ಥ ಬರೆದುಕೊಂಡು ಮುಂದೆ ಸಾಗುವವರೇ ಹೆಚ್ಚು. ಲ್ಯಾಟಿನ್ ಭಾಷೆಯಲ್ಲಿ ‘ವುಲ್ನಸ್’ ಎಂದರೆ ಗಾಯ. ಅದರಿಂದ ಹುಟ್ಟಿದ ‘ವಲ್ನರಬಲ್’ ಪದಕ್ಕೆ ಗಾಯಗೊಳ್ಳಬಲ್ಲ, ಪೆಟ್ಟಿಗೆ ಆಸ್ಪದವುಳ್ಳ ಎಂಬುದೇ ಮೂಲಾರ್ಥ. ಬಲಾಬಲದ ಮಾತು ಅದರಲ್ಲಿಲ್ಲ.

ಗದಾವಿದ್ಯೆಯಲ್ಲಿ ಭೀಮನನ್ನೂ ಮೀರಿಸಿದ ದುರ್ಯೋಧನನನ್ನು ದುರ್ಬಲನೆನ್ನುವವರಾರು? ಆದರೆ ತೊಡೆಯೆಡೆಯಲ್ಲಿ ಅವನು ವಲ್ನರಬಲ್. ಇಸ್ಪೀಟಿನ ಬ್ರಿಜ್ ಆಟದಲ್ಲಂತೂ ಇದು ಇನ್ನೂ ಸ್ವಾರಸ್ಯಕರ. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗಿನ ಪಯಣದಲ್ಲಿ ಆ ಆಟಕ್ಕೆ ಹೊಸ ಲೆಕ್ಕಾಚಾರ ರೂಪಿಸುತ್ತಿದ್ದಾಗ, ಸಹಪ್ರಯಾಣಿಕಳೊಬ್ಬಳು ಈ ಪದವನ್ನು ಸೂಚಿಸಿದಳು. ಅಲ್ಲಿ ಒಂದು ಗೇಮ್ ಗೆದ್ದ ಪಕ್ಷವೇ ‘ವಲ್ನರಬಲ್’! ಮುಂದೆ ಸೋತರೆ ಅದು ತೆರಬೇಕಾದ ದಂಡ ಹೆಚ್ಚು.

ಬಳಕೆಯಲ್ಲಿ ತೊಡಕಿಲ್ಲ. ಹಸುಗೂಸು ಚಳಿಗೆ, ತಗ್ಗಿನ ಊರು ನೆರೆಗೆ ಎಂದು ಕನ್ನಡದಲ್ಲಿ ‘ಗೆ’ ಬರುವೆಡೆ ಇಂಗ್ಲಿಷಿನಲ್ಲಿ ‘ಟು’ ಬರುತ್ತದೆ. ‘ಎಕ್ಸ್‌ಪೋಸ್ಡ್’ ಪದದೊಡನೆ ಮಾತ್ರ ಬೆರೆಸಬಾರದು. ಮಳೆಯಲ್ಲಿ ಕೊಡೆಯಿಲ್ಲದೆ ನಿಂತವರೆಲ್ಲರೂ ಎಕ್ಸ್‌ಪೋಸ್ಡ್. ಅವರಲ್ಲಿ ಬೇಗನೆ ನೆಗಡಿ ಹಿಡಿಯುವವನು ವಲ್ನರಬಲ್.

ಅರ್ಥ ತಪ್ಪಿದರೆ ಆಗುವ ಅನ್ಯಾಯವೂ ಉಂಟು. ಮೊದಲು ‘ಪ್ರಿಮಿಟಿವ್’ ಎಂದು, ಅಂದರೆ ಆದಿಮರೆಂದು, ಕರೆಯುತ್ತಿದ್ದ ಕೆಲವು ಬುಡಕಟ್ಟುಗಳನ್ನು ಭಾರತ ಸರ್ಕಾರವು 2006ರಲ್ಲಿ ‘ಪರ್ಟಿಕ್ಯುಲರ್ಲಿ ವಲ್ನರಬಲ್’ ಎಂದು ಹೆಸರಿಸಿತು. ಕರ್ನಾಟಕದ ಜೇನುಕುರುಬರೂ ಕೊರಗರೂ ಈ ಪಟ್ಟಿಯಲ್ಲಿದ್ದಾರೆ. ಕನ್ನಡಕ್ಕೆ ಬರುವಾಗ ಇವರು ಅನೇಕ ಸಲ ‘ದುರ್ಬಲ ಬುಡಕಟ್ಟು’ಗಳಾಗುತ್ತಾರೆ. ಮುಗಿಲೆತ್ತರದ ಮರವೇರಿ ಹೆಜ್ಜೇನು ಬಿಡಿಸುವವನು ದುರ್ಬಲನೆ? ನಾಗರಹೊಳೆಯ ಕಾಡಿನಿಂದ ಎಬ್ಬಿಸಲ್ಪಟ್ಟು ಜೇನುಕುರುಬರಲ್ಲಿ ಅನೇಕರು ನೆಲೆ ಕಳೆದುಕೊಂಡರು. ದುರ್ಬಲನೆಂದರೆ ಕೊರತೆ ಅವನಲ್ಲಿಯೇ ಇರುವಂತಾಯಿತು. ವಲ್ನರಬಲ್ ಎಂದರೆ, ಗಾಯಕ್ಕೆ ಒಡ್ಡಿದವರಾರು ಎಂದು ಕೇಳಬೇಕಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಅಭೇದ್ಯ’ವಾದ ಕೋಟೆಯನ್ನು ಎಲ್ಲರೂ ಬಲ್ಲರು, ‘ಭೇದ್ಯ’ವೂ ನಿಘಂಟಿನಲ್ಲಿದೆ. ಕೋಟೆಗೆ ಅದು ಒಪ್ಪೀತು, ಕೂಸಿಗೆ ಒಪ್ಪದು. ಮನುಷ್ಯರ ವಿಷಯದಲ್ಲಿ, ಒಂದು ಪದಕ್ಕೆ ಎರಡಾದರೂ ಚಿಂತೆಯಿಲ್ಲ, ‘ಘಾಸಿಗೆ ಈಡಾಗಬಲ್ಲವರು’ ಎಂದು ಬರೆಯುವುದೇ ಲೇಸು.